ಹಾಸಿಗೆಯವರು ಹಾಸಿಗೆ ಬಿಟ್ಟೆದ್ದ ಕಥೆ

ಊರಿಗೆಲ್ಲ ಹಾಸಿಗೆ ಹೊಲಿದುಕೊಟ್ಟವರು ತಾವೇ ಹಾಸಿಗೆ ಹಿಡಿದು ಅಂದಿಗೆ ಹದಿನೆಂಟು ದಿನ.

ಕೆಳಗೆ ಮನೆ, ಮೇಲೆ ಹತ್ತಿ ತುಂಬುವ ಕೋಣೆ, ನಡುವೆ ಹದಿನಾಲ್ಕು ಮೆಟ್ಟಿಲು. ಒಂದು ಬೆಳಗ್ಗೆ ನೆಲದ ಮೇಲೆ ಕೂತು ದಬ್ಬಳದಿಂದ ಅಂಚು ಹೊಲಿಯುತ್ತಿದ್ದವರು ಸೊಂಟ ತಿರುಗಿಸಿ ಹತ್ತಿಯ ಮೂಟೆ ಎಳೆದರು, ಅಷ್ಟೇ. ಸೊಂಟದಿಂದ ಎಡಗಾಲಿನ ಹೆಬ್ಬೆರಳವರೆಗೆ ಕರೆಂಟು ಹೊಡೆದಂತೆ ನೋವು ಹರಿಯಿತು. ಬೇರೆಯವರಾಗಿದ್ದರೆ ಆಸ್ಪತ್ರೆಗೆ ಹೋಗುತ್ತಿದ್ದರು. ಇವರು ಹಾಸಿಗೆಯವರು! ಹೇಗೋ ಕೆಳಗಿನ ಮನೆಗಿಳಿದು, ಇದ್ದುದರಲ್ಲೇ ಮೆತ್ತನೆಯ ಹಾಸಿಗೆಯನ್ನು ಮೇಲಿನಿಂದ ತರಿಸಿಕೊಂಡು ಅದರೊಳಗೆ ಮುಳುಗಿಬಿಟ್ಟರು. ನೋವು ಬಗ್ಗದಿದ್ದಾಗ ಮೆತ್ತಗೆ ಸಾಲದೆಂದು ಎರಡನೆಯದು, ಆಮೇಲೆ ಮೂರನೆಯದನ್ನೂ ಹಾಸಿಸಿಕೊಂಡರು.

"ರೀ, ನಾಲ್ಕನೇದು ಹಾಸಿದ್ರೆ ನಿಮಗೆ ಊಟ ಕೊಡೋಕೆ ನಾನು ಏಣಿ ಹಾಕ್ಬೇಕಾಗುತ್ತೆ" ಎಂದರು ಹೆಂಡತಿ.

ಬಾಯಲ್ಲಿ ತಮಾಷೆ ಇತ್ತು. ಗಂಡ ಗೋಡೆ ಹಿಡಿದು ಕಾಲೆಳೆಯುತ್ತ ಬಚ್ಚಲಿಗೆ ಹೋಗುವುದನ್ನು ಮಾತ್ರ ಅವರಿಂದ ನೋಡಲಾಗುತ್ತಿರಲಿಲ್ಲ.

"ಈ ಕಾಲು ಇನ್ನು ಮೆಟ್ಟಿಲು ಹತ್ತಲ್ಲ ಕಣೇ. ನನ್ನ ಕೆಲಸ ಮುಗೀತು" ಎಂದು ಅವರು ಗೋಡೆಯ ಕಡೆ ತಿರುಗಿಕೊಂಡರು.

ಅಷ್ಟರಲ್ಲಿ ಜಿಮ್ ನಡೆಸುವ ಭಾಮೈದ ತೋಳು ಮಡಚುತ್ತ ಬಂದ. "ಭಾವ, ಬೋರಲು ಮಲಗಿ. ಮಂಡಿ ಇಟ್ಟು ಒಂದೇ ಒಂದು ಸಲ ಒತ್ತುತೀನಿ. ಲಟಕ್ ಅಂದ್ರೆ ಎಲ್ಲ ಸರಿಹೋಯ್ತು!"

"ನಿನ್ನ ಮಂಡಿ ನಿನ್ನ ಹತ್ರಾನೇ ಇರ್ಲಿ" ಎಂದರು ಅಕ್ಕ. "ಆ ತೋಳಿಂದ ಭಾವನ್ನ ಎತ್ತಿ ಕಾರಲ್ಲಿ ಕೂರಿಸು, ಸಾಕು."

ಆರೋಗ್ಯ ಕೇಂದ್ರದ ಡಾಕ್ಟರು ನೋಡಿ, ಫಿಸಿಯೋಥೆರಪಿಯಮ್ಮನ ಕೋಣೆಗೆ ಕಳಿಸಿದರು. ಆಕೆ ಮಂಡಿ ತಟ್ಟಿದರು, ಪಾದ ಎತ್ತಿಸಿ ಇಳಿಸಿದರು. "ಮೂತ್ರ ಹಿಡಿತದಲ್ಲಿದೆಯಾ? ತೊಡೆಸಂದು ಮರಗಟ್ಟಿದೆಯಾ?" ಎಂದು ಕೇಳಿದರು.

ಹಾಸಿಗೆಯವರ ಮುಖ ಕೆಂಪಾಯಿತು. "ಅಂಥ ತೊಂದ್ರೆ ಏನೂ ಇಲ್ಲ. ನೋವಿರೋದು ಕಾಲಲ್ಲಿ ತಾಯಿ!"

"ನಾಚ್ಕೋಬೇಡಿ ಯಜಮಾನ್ರೇ. ಹಾಗೇನಾದ್ರೂ ಇದ್ದಿದ್ರೆ ನಾನು ಮುಟ್ತಾನೇ ಇರ್ಲಿಲ್ಲ, ಈಗಲೇ ದೊಡ್ಡಾಸ್ಪತ್ರೆಗೆ ಓಡಿಸ್ತಿದ್ದೆ. ಬೆನ್ನುಮೂಳೆಗಳ ನಡುವೆ ಪುಟ್ಟ ಪುಟ್ಟ ದಿಂಬಿನಂಥವು ಇರ್ತವೆ. ನಿಮ್ಮದರಲ್ಲಿ ಒಂದು ಉಬ್ಬಿ, ಕಾಲಿಗೆ ಹೋಗೋ ನರಾನ ಕೆಣಕ್ತಾ ಇದೆ."

"ಹಾಗಾದ್ರೆ ಒಳಗೆ ತಳ್ಳಿ ಹೊಲಿದುಬಿಡಿ, ಅದರಲ್ಲೇನಿದೆ!"

ಆಕೆ ನಕ್ಕರು. "ತಳ್ಳೋಕೆ ಅದು ಹತ್ತಿ ಅಲ್ಲ. ಹೆಚ್ಚಿನವರಲ್ಲಿ ದೇಹವೇ ನಿಧಾನವಾಗಿ ಸರಿಮಾಡ್ಕೊಳ್ಳುತ್ತೆ. ನಾನು ಕೈಯಿಂದ ಸೊಂಟದ ಬಿಗಿತ ಸಡಿಲಿಸಿ ನೋವು ತಗ್ಗಿಸ್ತೀನಿ. ನೀವು ಹೇಳಿಕೊಟ್ಟ ವ್ಯಾಯಾಮ ಮಾಡ್ಬೇಕು, ದಿನಾ ಸ್ವಲ್ಪ ನಡೀಬೇಕು. ಮೂರು ಹಾಸಿಗೆ ಮೇಲೆ ಹದಿನೆಂಟು ದಿನ ಮಲಗಿದ್ದು ಮಾತ್ರ ತಪ್ಪು."

ಹಾಸಿಗೆಯ ಬಗ್ಗೆ ಇನ್ನೊಬ್ಬರಿಂದ ಹೇಳಿಸಿಕೊಂಡಿದ್ದು ಅವರಿಗೆ ಅದೇ ಮೊದಲು. ಆದರೂ ಆಕೆ ತೋರಿಸಿದ ಮಂಚದ ಮೇಲೆ ಬೋರಲು ಮಲಗಿದರು. ಲಟಕ್ ಇಲ್ಲ, ಪಟಕ್ ಇಲ್ಲ. ಆಕೆಯ ಕೈ ಮೆಲ್ಲಗೆ ಒತ್ತಿ ಬಿಡುತ್ತಿತ್ತು. "ನೋವು ಕಾಲಿಗಿಳೀತಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು.

ಎರಡು ವಾರ ಕಳೆಯಿತು. ಒಂದು ಬೆಳಗ್ಗೆ ಹಾಸಿಗೆಯವರು ಕೂಗಾಡಿದರು. "ನೋಡೇ, ಕಾಲಲ್ಲಿದ್ದ ನೋವನ್ನ ಆಯಮ್ಮ ಸೊಂಟಕ್ಕೆ ತಂದಿಟ್ರು! ಕರಿ ನಿನ್ನ ತಮ್ಮನ್ನ, ಮಂಡಿ ಇಡ್ಲಿ!"

ಹೆಂಡತಿ ಫೋನು ಮಾಡಿದ್ದು ತಮ್ಮನಿಗಲ್ಲ, ಫಿಸಿಯೋಥೆರಪಿಯಮ್ಮನಿಗೆ.

"ಕಾಲಿಗೆ ಬಲ ಇದೆಯಾ? ಮರಗಟ್ಟಿಲ್ಲ ತಾನೇ? ಹಾಗಾದ್ರೆ ಹೆದರ್ಬೇಡಿ" ಎಂದರು ಆಕೆ. "ಕಾಲಿನ ನೋವು ಹಿಂದೆ ಸರಿದು ಸೊಂಟದಲ್ಲಿ ಮಾತ್ರ ಉಳಿದ್ರೆ ಸಾಮಾನ್ಯವಾಗಿ ಅದು ಒಳ್ಳೇ ಸೂಚನೆ. ನಾಳೆ ಬನ್ನಿ, ನೋಡೋಣ. ಮಂಡಿ ಮಾತ್ರ ಬೇಡ."

ಹಾಸಿಗೆಯವರು ಗೊಣಗಿದರು. ಗೊಣಗುತ್ತಲೇ ಬೀದಿಯ ಕೊನೆಯವರೆಗೆ ನಡೆದು ಬಂದರು. ಮರುದಿನವೂ ಗೊಣಗಿದರು, ಮರುದಿನವೂ ನಡೆದರು.

ನೋವು ಶುರುವಾದ ಒಂಬತ್ತನೆಯ ವಾರ ಅವರು ಯಾರಿಗೂ ಹೇಳದೆ ಮೊದಲ ಮೆಟ್ಟಿಲ ಮೇಲೆ ಎಡಗಾಲಿಟ್ಟರು. ಕಂಡ ಹೆಂಡತಿ ಓಡಿ ಬಂದು ಕೈ ಚಾಚಿದರು.

"ಬಿಡೇ, ಬೀಳಲ್ಲ."

ಐದು ಮೆಟ್ಟಿಲು ಹತ್ತಿ ನಿಂತು ಉಸಿರು ತಗೊಂಡರು. ಆಮೇಲೆ ಒಂಬತ್ತು. ಮೇಲಿನಿಂದ ಬಾಗಿಲು ತೆರೆದ ಸದ್ದು ಬಂತು. "ಬಂದ್ಬಿಟ್ಟೆ ಕಣೇ!" ಎಂಬ ಕೂಗು ಬಂತು. ಹೆಂಡತಿ ಕೆಳಗಿನ ಮೆಟ್ಟಿಲ ಮೇಲೆ ಕೂತು, ಒಂಬತ್ತು ವಾರ ತಡೆದಿಟ್ಟಿದ್ದನ್ನೆಲ್ಲ ಅತ್ತು ಮುಗಿಸಿದರು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಸೊಂಟದಿಂದ ಕಾಲಿಗೆ ನೋವು ಇಳಿಯುತ್ತಿದೆಯೇ? ಮಲಗಿ ದಿನ ಎಣಿಸಬೇಡಿ, ಕಂಡಕಂಡವರಿಂದ ಬೆನ್ನು ತುಳಿಸಿಕೊಳ್ಳಬೇಡಿ. ಮೊದಲು ಡಾಕ್ಟರಿಗೆ ತೋರಿಸಿ, ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಕೈಗೇ ಬೆನ್ನು ಕೊಡಿ. ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಕಾಲಿನ ಬಲ ಕುಸಿಯುತ್ತಿದ್ದರೆ ಒಂದು ಗಳಿಗೆಯೂ ಕಾಯದೆ ದೊಡ್ಡಾಸ್ಪತ್ರೆಗೆ ಹೋಗಿ. ವಾಸಿಯಾಗಲು ವಾರಗಳು ಹಿಡಿಯಬಹುದು. ಗೊಣಗಿಕೊಂಡಾದರೂ ಸರಿ, ನಡೆಯಿರಿ.