ಏಳನೇ ಬಾಗಿಲಿನಿಂದ ಹೋದವರು

ಇಂಗ್ಲೆಂಡಿನ ಗ್ರಿಮ್ಸ್‌ಬಿ ಬಂದರಿನ ಹಿಂದಿನ ಬೀದಿಯಲ್ಲಿ ಒಂದು ಮೀನಿನ ಅಂಗಡಿ. ಕೆಳಗೆ ಮೀನು, ಆಲೂಗಡ್ಡೆ ಕರಿಯುತ್ತಾರೆ. ಮೇಲಿನ ಕೋಣೆಯಲ್ಲಿ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಏಳು ಜನ ಕೂತು, ನಲವತ್ತು ವರ್ಷದ ಹಿಂದೆ ನಿಂತುಹೋದ ಒಂದು ಕಾಮಿಕ್ಸ್ ಬಗ್ಗೆ ಜಗಳವಾಡುತ್ತಾರೆ.

'ಉಪ್ಪುನಗರ' ಎಂದು ಅದರ ಹೆಸರು. ವಾರವಾರ ಬರುತ್ತಿತ್ತು. ಸಮುದ್ರ ಬತ್ತಿಹೋದ ಕಾಲ, ಸುತ್ತ ಗೋಡೆ ಕಟ್ಟಿಕೊಂಡ ಊರು, ಅಳೆದು ಕೊಡುವ ನೀರು. ಇಪ್ಪತ್ತು ತುಂಬಿದವರ ಹೆಸರಲ್ಲಿ ಚೀಟಿ ಎತ್ತಿ, ಬಂದವರ ಹೆಗಲಿಗೆ ಒಂದು ತಗಡಿನ ನೀರಿನ ಬಾಟಲಿ ನೇತುಹಾಕಿ, ಏಳನೇ ಬಾಗಿಲಿನಿಂದ ಹೊರಗೆ ಕಳಿಸುತ್ತಿದ್ದರು. ಹೋದವರು ಯಾರೂ ತಿರುಗಿ ಬರಲಿಲ್ಲ. ಆಚೆ ಏನಿದೆ ಎಂದು ತೋರಿಸುವ ಮೊದಲೇ ಪತ್ರಿಕೆ ನಿಂತುಹೋಯಿತು.

ವಾದಕ್ಕೆ ಕೊನೆಯೇ ಇಲ್ಲವೆಂದು ಅವರೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಪ್ರತಿ ನವೆಂಬರಿನಲ್ಲಿ ಒಂದು ಪ್ರಶ್ನೆಯನ್ನು ಮತಕ್ಕೆ ಹಾಕುವುದು. ಹೆಚ್ಚು ಕೈ ಎದ್ದದ್ದೇ ನಿಜ. ನೀಲಿ ಪುಸ್ತಕದಲ್ಲಿ ಬರೆದಾದ ಮೇಲೆ ಅದರ ಸುದ್ದಿ ಎತ್ತುವಂತಿಲ್ಲ. ಎತ್ತಿದವರು ಎಲ್ಲರಿಗೂ ಟೀ ಕೊಡಿಸಬೇಕು. ಉಪ್ಪುನಗರದ ರಾಜ್ಯಪಾಲನ ಬೆಕ್ಕು ನಿಜವಾದ ಬೆಕ್ಕಲ್ಲ, ಯಂತ್ರ ಎಂದು ತೀರ್ಮಾನವಾದದ್ದು ಹೀಗೆ, ನಾಲ್ಕಕ್ಕೆ ಮೂರು. ನಗುವವರು ನಗಲಿ. ದೊಡ್ಡ ದೊಡ್ಡ ಸಭೆಗಳಲ್ಲೂ ಇದಕ್ಕಿಂತ ಒಳ್ಳೆಯ ನ್ಯಾಯವೇನೂ ನಡೆಯುವುದಿಲ್ಲ.

ಆದರೆ ಹೋದವರು ಸತ್ತರೋ ಬದುಕಿದರೋ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಇದುವರೆಗೆ ಮತಕ್ಕೆ ಹಾಕಿರಲಿಲ್ಲ. ಕಾರಣ ಲೊರೇನ್. ನೀಲಿ ಪುಸ್ತಕ ಇಟ್ಟುಕೊಂಡ ಅಧ್ಯಕ್ಷೆ ಅವಳು. ಈ ಸಂಘ ಕಟ್ಟಿದವನು ಅವಳ ಅಣ್ಣ ಕ್ಲೈವ್, ಅವನ ಗೆಳೆಯ ಡಗ್ಗಿಯ ಜೊತೆ ಸೇರಿ. ಕಡೆಯ ಸಂಚಿಕೆ ಬಂದ ವಾರ, ಒಂದು ಸೋಮವಾರ ಬೆಳಿಗ್ಗೆ, ಕ್ಲೈವ್ ಮನೆಯಿಂದ ಹೊರಟುಹೋದ. ಬಂದರಿನ ಕೆಲಸ ಹೋಗಿ ಆರು ತಿಂಗಳಾಗಿತ್ತು. ವಯಸ್ಸು ಇಪ್ಪತ್ತು. ಅಡುಗೆಮನೆಯ ಮೇಜಿನ ಮೇಲೆ ಆ ಸಂಚಿಕೆ, ಅದರ ಮೇಲೆ ಒಂದು ಚೀಟಿ: ಏಳನೇ ಬಾಗಿಲಿನಿಂದ ಹೋಗ್ತಿದ್ದೀನಿ, ಹುಡುಕಬೇಡಿ.

ಆಗ ಲೊರೇನ್‌ಗೆ ಹದಿನೇಳು. ಹಿತ್ತಲಲ್ಲಿ ಅವನ ನೀಲಿ ಸ್ವೆಟರ್ ಒಗೆಯುತ್ತಿದ್ದಳು. ಮೀನುಗಾರರ ಬೀದಿಯಲ್ಲಿ ಹುಟ್ಟಿದ ಹೆಣ್ಣಿಗೆ ಯಾರೂ ಹೇಳಿಕೊಡಬೇಕಿಲ್ಲ: ಗಂಡಸು ಹೊರಟ ದಿನ ಅವನ ಬಟ್ಟೆ ಒಗೆದರೆ ಕಡಲು ಅವನನ್ನೂ ಕೊಚ್ಚಿಕೊಂಡು ಹೋಗುತ್ತದೆ. ಅವನಿಗೆ ಕೈ ಬೀಸಿ ಬೀಳ್ಕೊಡಲೂಬಾರದು, ತನ್ನನ್ನೇ ಕರೆದರು ಎಂದು ಅಲೆ ಬಂದು ಎಳೆದೊಯ್ಯುತ್ತದೆ. ಅಮ್ಮ ಚೀಟಿ ಹಿಡಿದು ಕೂಗಿದ್ದೇ ತಡ, ಲೊರೇನ್ ಸ್ವೆಟರನ್ನು ಜಾಲಿಸದೆ ನೀರಿನಿಂದ ಎಳೆದಳು. ಸೋಪು ಸಮೇತ ಹಾಗೇ ಒಣಗಿಸಿದಳು. ಅರ್ಧ ಒಗೆದದ್ದು ಒಗೆದಂತಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ನಲವತ್ತು ವರ್ಷ ಅದನ್ನೇ ಹೇಳಿಕೊಂಡಳು. ರಸ್ತೆಯಲ್ಲಿ ಅವನಂಥದೇ ಬೆನ್ನು ಕಂಡರೆ ಈಗಲೂ ಮುಂದೆ ಹೋಗಿ ಮುಖ ನೋಡುತ್ತಿದ್ದಳು.

ಈ ವರ್ಷ ಆ ಪ್ರಶ್ನೆ ಹಾಕಿದವನು ಗ್ರಹಾಂ, ಎರಡು ವರ್ಷದ ಹಿಂದೆ ಸೇರಿದ ಶಾಲಾ ಮಾಸ್ತರ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಇವನು ಹರಾಜಿನಲ್ಲಿ ಕಡೆಯ ಸಂಚಿಕೆಯ ಮೂಲ ಚಿತ್ರವನ್ನೇ ಕೊಂಡು ತಂದಿದ್ದ. ಬಾಗಿಲಿನಾಚೆ ಅಚ್ಚಿನಲ್ಲಿ ಬರೀ ಬಿಳಿ. ಆದರೆ ಹಾಳೆಯನ್ನು ಕಿಟಕಿಗೆ ಹಿಡಿದರೆ ಬಿಳಿ ಬಣ್ಣದ ಅಡಿಯಲ್ಲಿ ಪೆನ್ಸಿಲ್ ಗೀಟುಗಳು ಕಾಣುತ್ತಿದ್ದವು. ಮಲಗಿದ ಹೆಣಗಳು ಎಂದ ಗ್ರಹಾಂ. ಅವು ಉಪ್ಪಿನ ಮೂಟೆಗಳು, ಕನ್ನಡಕ ಬದಲಾಯಿಸು ಎಂದು ಇನ್ನೊಬ್ಬರು ಛೇಡಿಸಿದರು. ಒಂದು ಗಂಟೆ ವಾದ ನಡೆಯಿತು. ಲೊರೇನ್ ಹಾಳೆಯ ಕಡೆ ನೋಡಲೇ ಇಲ್ಲ. ಏನೂ ಅರಿಯದ ಈ ಮನುಷ್ಯನ ಮೇಲೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಡಗ್ಗಿ ತಡೆದಾನು ಎಂದುಕೊಂಡಿದ್ದಳು. ಮೀನು ಮಾರುಕಟ್ಟೆಯಲ್ಲಿ ಪೆಟ್ಟಿಗೆ ಹೊತ್ತು ಬೆನ್ನು ಬಾಗಿಸಿಕೊಂಡ ಆ ಬಾಯಿಬಡುಕ ಅಂದು ಒಂದು ತಮಾಷೆಯನ್ನೂ ಮಾಡದೆ ಕೂತಿದ್ದ.

ಬದುಕಿದ್ದಾರೆ ಎನ್ನುವವರು ಕೈ ಎತ್ತಿ ಎಂದಳು. ಮೂರು ಕೈ ಎದ್ದವು. ಸತ್ತರು ಎನ್ನುವವರು ಎಂದಾಗ ಗ್ರಹಾಂ ಮತ್ತು ಪಕ್ಕದವನು ಎತ್ತಿದರು. ಆಮೇಲೆ ನಿಧಾನವಾಗಿ, ಭಾರದ ಪೆಟ್ಟಿಗೆ ಎತ್ತುವವನಂತೆ, ಡಗ್ಗಿ.

"ನೀನೂನಾ, ಡಗ್ಗಿ?"

"ಈ ಪ್ರಶ್ನೆ ಹಾಕು ಅಂತ ಗ್ರಹಾಂಗೆ ಹೇಳಿದ್ದೇ ನಾನು. ಅವನಿಗೇನೂ ಗೊತ್ತಿಲ್ಲ, ಅವನನ್ನ ಬೈಬೇಡ."

ಎತ್ತಿದ ಕೈ ಇಳಿಸದೆ ಅದನ್ನೇ ನೋಡುತ್ತ ಅವನು ಹೇಳಿದ. "ಆವತ್ತೂ ಹೀಗೇ ಕೈ ಎತ್ತಿದ್ದೆ. ಬೆಳಿಗ್ಗೆ ಪಾಳಿ ಮುಗಿಸ್ಕೊಂಡು ಬರ್ತಿದ್ದೆ. ಕ್ಲೈವ್ ಕಡಲ ಗೋಡೆ ಮೇಲೆ ಹೋಗ್ತಿದ್ದ. ಸ್ಟೇಷನ್ ಕಡೆಗಲ್ಲ, ಲೊರೇನ್. ಗೋಡೆ ತುದಿಗೆ. ಹೆಗಲಲ್ಲಿ ನಿಮ್ಮಪ್ಪನ ತಗಡಿನ ಬಾಟಲಿ. ಆಟ ಆಡ್ತಿದ್ದಾನೆ ಅಂದ್ಕೊಂಡು ನಗ್ತಾ ಕೈ ಬೀಸಿದೆ. ನಿಮ್ಮಮ್ಮ ಅವನು ಲಂಡನ್ನಲ್ಲಿದ್ದಾನೆ ಅಂತ ಎಲ್ಲರಿಗೂ ಹೇಳ್ಕೊಂಡು ಬಂದ್ರು. ಆಮೇಲೆ ನನ್ನ ಬಾಯಿಂದ ಬರ್ಲೇ ಇಲ್ಲ."

ಕೆಳಗೆ ಎಣ್ಣೆ ಚುರುಗುಟ್ಟುವುದು ಕೇಳಿಸುತ್ತಿತ್ತು. ಲೊರೇನ್‌ಗೆ ಅವನ ಕೆನ್ನೆಗೆ ಬಾರಿಸಬೇಕು ಅನಿಸಿತು. ನಲವತ್ತು ವರ್ಷ ಎದುರಿಗೇ ಕೂತು, ಬೆಕ್ಕಿನ ಬಗ್ಗೆ ವಾದ ಮಾಡಿದ್ದ! ಆದರೆ ಬಾಯಿಂದ ಬಂದದ್ದು ಬೇರೆ ಮಾತು.

"ಅವನು ತಿರುಗಿ ಕೈ ಬೀಸಿದ್ನಾ?"

"ಬೀಸಿದ. ನಗ್ತಿದ್ದ."

ಅವಳು ಎದ್ದು ಕಿಟಕಿಗೆ ಹೋಗಿ ಗ್ರಹಾಂ ತಂದ ಹಾಳೆಯನ್ನು ಬೆಳಕಿಗೆ ಹಿಡಿದಳು. ತುಂಬ ಹೊತ್ತು ನೋಡಿದಳು. ಹೆಣವೋ ಮೂಟೆಯೋ ಅವಳಿಗೂ ತಿಳಿಯಲಿಲ್ಲ. ವಾಪಸು ಬಂದು ಕೂತು, ಸತ್ತರು ಎನ್ನುವ ಕಡೆಗೆ ಕೈ ಎತ್ತಿದಳು. ನೀಲಿ ಪುಸ್ತಕದಲ್ಲಿ ನಾಲ್ಕಕ್ಕೆ ಮೂರು ಎಂದು ಬರೆದು ತಾರೀಖು ಹಾಕಿದಳು.

ಕಟ್ಟಳೆಯಂತೆ ಎಲ್ಲರೂ ಬಾಯಿಗೆ ಬೀಗ ಹಾಕಿ ಕೂತರು. ಅದನ್ನು ಮುರಿದವಳು ಅವಳೇ. ಅಣ್ಣನಿಗೆ ಆ ಕಾಮಿಕ್ಸಿನಲ್ಲಿ ಯಾವ ಪುಟ ಇಷ್ಟವಿತ್ತು, ಅದನ್ನು ಓದುವಾಗ ಉಗುರು ಹೇಗೆ ಕಚ್ಚುತ್ತಿದ್ದ, ಎಲ್ಲ ಹೇಳಿದಳು. ಹೇಳಿ ಮುಗಿಸಿ ಕೆಳಗೆ ಹೋಗಿ ಎಲ್ಲರಿಗೂ ಟೀ ಹೇಳಿ ಬಂದಳು. ಡಗ್ಗಿಯ ಲೋಟವನ್ನು ತಾನೇ ಅವನ ಮುಂದಿಟ್ಟಳು.

ಮರುದಿನ ಸೋಮವಾರ. ಪೆಟ್ಟಿಗೆಯ ತಳದಿಂದ ಅವಳು ನೀಲಿ ಸ್ವೆಟರನ್ನು ತೆಗೆದಳು. ಅದು ಹಲಗೆಯ ಹಾಗೆ ಗಟ್ಟಿಯಾಗಿತ್ತು. ಹಿತ್ತಲಲ್ಲಿ ಬಕೆಟ್ಟಿಗೆ ಬಿಸಿನೀರು ಸುರಿದು, ಅದನ್ನು ಮುಳುಗಿಸಿ, ಎರಡೂ ಕೈಯಿಂದ ಅದುಮಿದಳು.

ಸೋಪು ಹಾಕಿರಲಿಲ್ಲ. ಆದರೂ ನೊರೆ ಬಂತು.