ಕುಂಯ್‌ಗುಡುವ ವ್ಯಾನು

ರೇವಣಸಿದ್ದನ ವ್ಯಾನು ದೇವದುರ್ಗ ಸೀಮೆಯ ಮದುವೆಗಳಲ್ಲಿ ಹೆಸರು ಮಾಡಿದ ವ್ಯಾನು. ಹಿಂದಿನ ಸೀಟು ಕಿತ್ತು ಒಂದು ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್ ಕೂಡಿಸಿ, ಛಾವಣಿಯ ಮೇಲೆ ಎರಡು ಹಾರ್ನು ಕಟ್ಟಿದ್ದ. ಕುರಿ ಕಾಯುತ್ತಿದ್ದ ಅಪ್ಪನ ಸಿಳ್ಳು ಮೂರು ಹೊಲ ದಾಟುತ್ತಿತ್ತಂತೆ. ಮಗನ ಹಾಡು ಮೂರು ಊರು ದಾಟಬೇಕೆಂಬುದು ಅವನ ಹಟ.

ಈ ಸಲ ಆ ವ್ಯಾನು ಹೊರಬೇಕಾದದ್ದು ಹಾಡನ್ನಲ್ಲ, ತಂಗಿಯ ಓದನ್ನು. ಪ್ರಿಯದರ್ಶಿನಿ ದೇವದುರ್ಗದಲ್ಲಿ ಬಿ.ಎ. ಓದುತ್ತಿದ್ದಳು. ಅರಕೇರಾ ದಾಟಿ ಒಳಗಿರುವ ಅವರ ಹುಣಸಿಗುಂಡಿಗೆ ಹೋಗುತ್ತಿದ್ದ ಒಂದೇ ಒಂದು ಸಂಜೆ ಬಸ್ಸನ್ನು 'ಜನ ಹತ್ತುವುದಿಲ್ಲ' ಎಂದು ನಿಲ್ಲಿಸಿಬಿಟ್ಟಿದ್ದರು. ಹತ್ತುತ್ತಿದ್ದವರು ಕಾಲೇಜಿನ ಹುಡುಗಿಯರು, ಕೂಲಿ ಹೆಂಗಸರು. ಅವರು ಜನ ಅನ್ನಿಸಿಕೊಳ್ಳುವುದು ಐದು ವರ್ಷಕ್ಕೊಮ್ಮೆ ಮಾತ್ರ. ಊರಿನ ಹುಡುಗಿಯರು ಒಬ್ಬೊಬ್ಬರಾಗಿ ಪುಸ್ತಕ ಕಟ್ಟಿ ಅಟ್ಟಕ್ಕೇರಿಸಿದರು. ಪ್ರಿಯದರ್ಶಿನಿಯ ಸರದಿ ಹತ್ತಿರ ಬಂದಿತ್ತು. ಸೋಮವಾರ ಬಸ್ಸಿನ ದೊಡ್ಡ ಸಾಹೇಬರು ದೇವದುರ್ಗದ ಪ್ರವಾಸಿ ಮಂದಿರಕ್ಕೆ ಬರುವವರಿದ್ದರು. ಅವರ ಮುಂದೆ ಜನ ನಿಂತರೆ ಬಸ್ಸು, ಇಲ್ಲದಿದ್ದರೆ ಅವಳ ಪುಸ್ತಕವೂ ಅಟ್ಟಕ್ಕೆ.

ಜನ ಕೂಡಿಸುವ ಭಾರ ರೇವಣಸಿದ್ದ ಹೊತ್ತ. "ನನ್ನ ಸೌಂಡ್ ಕೇಳಿದ್ರ ಸತ್ತವ್ರೂ ಎದ್ದು ಬರ್ತಾರ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಶನಿವಾರ ಗಬ್ಬೂರಿನಲ್ಲಿ ಪ್ರಿಯದರ್ಶಿನಿ ಮೈಕು ಹಿಡಿದು "ಬಂಧುಗಳೇ" ಎನ್ನುವುದಕ್ಕೂ ಹಾರ್ನಿನೊಳಗಿಂದ 'ಕುಂಯ್' ಎಂದು ಏಳುವುದಕ್ಕೂ ಸರಿಹೋಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ತಂಗಿಯ ಮಾತಿನಲ್ಲಿ ಒಂದಕ್ಷರವೂ ಹೊರಗೆ ಬರಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಒಬ್ಬ ಮುದುಕ ಓಡಿ ಬಂದು ವ್ಯಾನಿಗೆ ಅಡ್ಡ ನಿಂತ.

"ಇಳಿಯಲೇ ಕೆಳಗ. ಗಾಲಿಗಿ ನಾಯಿಮರಿ ಸಿಕ್ಕದ."

ಮುಂದಿನ ಸೀಟಿನಲ್ಲಿ ಗುರುಪ್ರಸನ್ನ ಮೇಷ್ಟ್ರು ಕೂತಿದ್ದರು. ಮಾನ್ವಿಯ ಮಠದ ಮನೆತನದವರು, ನಿವೃತ್ತ ಉಪನ್ಯಾಸಕರು, ಈ ಹುಡುಗಿಯರಿಗೆಲ್ಲ ಓದಿನ ರುಚಿ ಹತ್ತಿಸಿದ ಬಳಗದ ಹಿರಿಯರು. ಅವರು ಕನ್ನಡಕ ಸರಿಮಾಡಿಕೊಂಡು ಹೇಳಿದರು:

"ಸದ್ದು ಅನ್ನೂದು ಬರೇ ಲಕ್ಷಣ, ರೇವಣಸಿದ್ದ. ರೋಗ ಬ್ಯಾರೆ ಕಡಿ ಇರ್ತದ. ನಾವು ಬೇರಿಗೇ ಹೋಗಬೇಕು."

"ಬೇರಿಗಿ ಆಮ್ಯಾಲ ಹೋಗೂಣ್ರಿ ಸರ್. ಈಗ ರಾಯಚೂರಿಗಿ ಹೋಗೂಣ."

ರಾಯಚೂರಿನಲ್ಲಿ ಬುರ್ಹಾನುದ್ದೀನನದು ಕಾರಿನ ಟೇಪು, ಸ್ಪೀಕರ್ ಕೂಡಿಸುವ ಅಂಗಡಿ. ಅವನು ವ್ಯಾನಿನೊಳಗೆ ತಲೆ ಹಾಕಿ ವೈದ್ಯನಂತೆ ಕೇಳಿದ.

"ಗಾಡಿ ಬಂದ್ ಇದ್ದಾಗ ಸದ್ದು ಬರ್ತದೇನು ಭಾಯ್?"

"ಇಲ್ಲ."

"ಚಾಲೂ ಮಾಡಿದ್ರ?"

"ಅಳ್ತದ."

ಬುರ್ಹಾನುದ್ದೀನ್ ಮೊದಲು ಮೈಕು ಕಿತ್ತ. ಮೈಕಿಲ್ಲದೆಯೂ ಹಾರ್ನು ಅತ್ತಿತು. ಬ್ಯಾಟರಿಯ ವಾಯರೂ ಹಾಡಿನ ವಾಯರೂ ಜಡೆ ಹಾಕಿದ ಹಾಗೆ ಹೆಣೆದುಕೊಂಡಿದ್ದವು. ಬಿಡಿಸಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಎಳೆದ. ಅಳು ಒಂದಿಷ್ಟು ತಗ್ಗಿತು. ಆಮೇಲೆ ಅರ್ಥಿಂಗ್ ವಾಯರಿನ ಬೆನ್ನು ಹತ್ತಿ ಹೋದರೆ ಅದು ಸೀಟಿನ ಬುಡದ ಒಂದು ಬೋಲ್ಟಿಗೆ ಬಂದು ನಿಂತಿತ್ತು. ಬೋಲ್ಟಿನ ಸುತ್ತ ಬೆರಳು ದಪ್ಪ ಹಳದಿ ಪೇಂಟು.

"ಇದನ್ನ ಯಾರು ಬಳದಾರ?"

"ನಾನೇ. ಭಂಡಾರದ ಬಣ್ಣ. ದೇವರ ಹೆಸರಿಲೆ ಒಳಗ ಹೊರಗ ಎಲ್ಲಾ ಬಳದೀನಿ" ಎಂದ ರೇವಣಸಿದ್ದ, ಹೆಮ್ಮೆಯಿಂದ.

"ದೇವರದು ಖರೇ. ಆದ್ರ ಈ ವಾಯರಿಗಿ ಕಬ್ಬಿಣ ಬೇಕು, ಪೇಂಟ್ ಅಲ್ಲ. ಕೆರೀಬೇಕು."

ರೇವಣಸಿದ್ದನ ಕೈ ತಡೆಯಿತು. ದೇವರ ಬಣ್ಣ ಕೆರೆಯುವುದೆಂದರೆ ಮನೆಯಲ್ಲಿ ಕೇಳದೆ ಆಗುವ ಕೆಲಸವಲ್ಲ. ಅವ್ವ ಆದೆಮ್ಮಳಿಗೆ ಫೋನು ಹಚ್ಚಿದ.

"ಯವ್ವಾ, ಗಾಡಿ ಒಳಗಿನ ಭಂಡಾರ ಕೆರೀಬೇಕಂತ."

"ಎಷ್ಟು?"

"ರೂಪಾಯಿಯಗಲ."

"ದೇವರೇನು ರೂಪಾಯಿಯಗಲ ಕಡಿಮಿ ಆಗಂಗಿಲ್ಲ. ಹುಡುಗಿ ಬಸ್ಸು ನೋಡು ಮೊದಲ. ಕೆರೀಲೇ."

ಕೆರೆದದ್ದೂ ಆಯಿತು, ಅಳು ಇನ್ನೂ ಒಂದು ಪಾಲು ತಗ್ಗಿತು. ಆದರೂ ಬಿಡಲಿಲ್ಲ. ಕೊನೆಗೆ ಬುರ್ಹಾನುದ್ದೀನ್ ಮೀಟರು ಹಿಡಿದು ಇಂಜಿನ್ನಿನ ಹತ್ತಿರ ಬಗ್ಗಿ ಎದ್ದ. "ಡೈನಮೋ ಒಳಗ ಡಯೋಡ್ ಹೋಗ್ಯಾದ. ಕರೆಂಟು ಹೊಲಸಾಗಿ ಬರಾಕತ್ತದ. ಮಾಲು ಹೈದರಾಬಾದಿನಿಂದ ಬರಬೇಕು. ಮಂಗಳವಾರ."

"ಸಾಹೇಬ್ರು ಸೋಮವಾರ ಬರ್ತಾರಲ್ಲೋ."

"ಹಂಗಾದ್ರ ಫಿಲ್ಟರ್ ಹಾಕಲೇನು? ಸದ್ದು ಮುಚ್ಚಿಡ್ತದ."

ಮೇಷ್ಟ್ರು ಕೈ ಎತ್ತಿದರು. "ಫಿಲ್ಟರ್ ಅಂದ್ರ ರಾಜಿ. ಮುಚ್ಚಿಡೂದು ಆಳೋರ ಕೆಲಸ."

"ಸರ್, ಇದು ಗಾಡಿರೀ" ಎಂದಳು ಪ್ರಿಯದರ್ಶಿನಿ.

ಫಿಲ್ಟರ್ ಹಾಕಿ ನೋಡಿದರು. ಹೊಲಸು ಕರೆಂಟು ಅದನ್ನೂ ದಾಟಿ ಬಂತು. ಮೇಷ್ಟ್ರು ತಮ್ಮ ಸಿದ್ಧಾಂತ ಗೆದ್ದ ಸಂತೋಷಕ್ಕೆ ಎಲ್ಲರಿಗೂ ಚಹಾ ಕುಡಿಸಿದರು. ಬೇರೆ ಗಾಡಿ ಕೇಳೋಣವೆಂದರೆ ಮದುವೆಯ ಸೀಜನ್, ಒಂದೂ ಖಾಲಿ ಇರಲಿಲ್ಲ.

"ಬಂದ್ ಮಾಡಿಟ್ಟು ಮಾತಾಡ್ರಿ ಮತ್ತ" ಎಂದು ಬುರ್ಹಾನುದ್ದೀನ್ ಕೈ ಒರೆಸಿಕೊಂಡ.

ಸೋಮವಾರ ದೇವದುರ್ಗದಲ್ಲಿ ಅದಕ್ಕೂ ಕಲ್ಲು ಬಿತ್ತು. ಪೊಲೀಸ್ ಜಮಾದಾರ ಜಯಸಿಂಹ ತಂದುಕೊಟ್ಟ ಪರವಾನಗಿಯಲ್ಲಿ ಹೀಗಿತ್ತು: ಪ್ರಚಾರದ ವಾಹನ ಎಲ್ಲಿಯೂ ನಿಲ್ಲತಕ್ಕದ್ದಲ್ಲ, ನಿಂತರೆ ಅದು ಸಭೆ. ವಾಹನದ ಹಿಂದೆ ಜನ ನಡೆಯತಕ್ಕದ್ದಲ್ಲ, ನಡೆದರೆ ಅದು ಮೆರವಣಿಗೆ. ಎರಡಕ್ಕೂ ಅನುಮತಿ ಇಲ್ಲ. ಬಡವರ ಬಾಯಿಗೆ ಬೀಗ ಹಾಕುವವರು ಈಗ ಬೀಗ ಅನ್ನುವುದಿಲ್ಲ, ಷರತ್ತು ಅನ್ನುತ್ತಾರೆ.

ಹುಣಸಿಗುಂಡಿಯಿಂದ ಬಂದದ್ದು ಒಂದು ಟ್ರ್ಯಾಕ್ಟರ್ ಜನ. ಸುತ್ತಲಿನ ಊರಿನವರೆಲ್ಲ ಸಂತೆಯಲ್ಲಿದ್ದರು, ಕರೆಯಬೇಕಿತ್ತು. ರೇವಣಸಿದ್ದ ವ್ಯಾನು ಹೊರಡಿಸಿದ. ಕುಂಯ್. ಸಂತೆಯವರು ಕಿವಿ ಮುಚ್ಚಿಕೊಂಡರು. ಇಂಜಿನ್ ಆರಿಸಿ ನಿಂತ. ಜಯಸಿಂಹ ದೂರದಿಂದ ಲಾಠಿ ಆಡಿಸಿದ, "ನಡಿ, ನಡಿ." ಮತ್ತೆ ಹೊರಡಿಸಿದ. ಮತ್ತೆ ಕುಂಯ್. ಕನ್ನಡಿಯಲ್ಲಿ ತಂಗಿಯ ಮುಖ ಕಂಡಿತು. ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

ರೇವಣಸಿದ್ದ ಇಂಜಿನ್ ಆರಿಸಿದ, ನ್ಯೂಟ್ರಲ್ಲಿಗೆ ಹಾಕಿದ, ಕಿಟಕಿಯಿಂದ ತಲೆ ಹೊರಹಾಕಿದ.

"ದಬ್ರಿಲೇ."

ಹುಣಸಿಗುಂಡಿಯವರು ದಬ್ಬಿದರು. ವ್ಯಾನು ಸದ್ದಿಲ್ಲದೆ ಉರುಳಿತು. ಹಾರ್ನಿನಿಂದ ಪ್ರಿಯದರ್ಶಿನಿಯ ದನಿ ಗಂಟೆ ಬಾರಿಸಿದ ಹಾಗೆ ಹೊರಟಿತು: "ನಾವು ಹತ್ತಂಗಿಲ್ಲಂತ. ಹತ್ತಾಕ ಬಸ್ಸು ಎಲ್ಲದ, ತೋರಸ್ರಿ." ಮೆಣಸಿನಕಾಯಿ ಮಾರುತ್ತಿದ್ದವಳು ತಕ್ಕಡಿ ಇಟ್ಟು ಬಂದು ವ್ಯಾನಿಗೆ ಕೈ ಹಚ್ಚಿದಳು. ಅವಳ ಹಿಂದೆ ಅವಳೂರಿನವರು ಬಂದರು, ಅವರ ಹಿಂದೆ ಇನ್ನೊಂದೂರಿನವರು. ಸಂತೆಯ ಅರ್ಧ ವ್ಯಾನಿನ ಹಿಂದೆ ಬಂತು.

ಜಯಸಿಂಹ ಓಡಿ ಬಂದ. "ಏಯ್, ಹಿಂದ ಮಂದಿ ನಡೀಬಾರ್ದು ಅಂತ ಬರದೀವಿ. ಇದು ಮೆರವಣಿಗಿ."

"ನಡ್ಯಾಕತ್ತಿಲ್ರಿ ಸಾಹೇಬ್ರ. ಗಾಡಿ ಕೆಟ್ಟದ, ದಬ್ಬಾಕತ್ತೀವಿ" ಎಂದ ದಬ್ಬುವವರಲ್ಲೊಬ್ಬ.

"ಒಂದು ವ್ಯಾನಿಗಿ ಇಷ್ಟು ಮಂದಿ?"

"ಸ್ಪೀಕರ್ ಭಾಳ ವಜ್ಜಿ ಅದಾವ್ರಿ."

ಜಯಸಿಂಹ ಸಾಲಿನ ಕೊನೆಯತ್ತ ಲಾಠಿ ತೋರಿಸಿದ. ಅಲ್ಲಿ ಆದೆಮ್ಮ ಬರುತ್ತಿದ್ದಳು. "ಆ ಮುದುಕಿ ಕೈ ಗಾಡೀಗಿ ಹತ್ತೇ ಇಲ್ಲಲ್ಲ?"

"ದಬ್ಬವ್ರನ್ನ ದಬ್ಬಾಕತ್ತೀನಿ ಯಪ್ಪಾ" ಎಂದಳು ಆದೆಮ್ಮ.

"ಚಾಲೂ ಮಾಡಿ ತೋರಸು" ಎಂದು ಜಯಸಿಂಹ ರೇವಣಸಿದ್ದನಿಗೆ ಹೇಳಿದ. ರೇವಣಸಿದ್ದ ಕೀಲಿ ತಿರುವಿ ಕಾಲಿಟ್ಟು ಒತ್ತಿದ. ಕುಂಯ್ ಹಾರ್ನಿನಿಂದ ಎದ್ದು ನೇರ ಜಮಾದಾರನ ಕಿವಿಗೇ ಇಳಿಯಿತು. ಅವನ ಟೊಪ್ಪಿಗೆ ಅಲ್ಲಾಡಿತು. "ಬಂದ್ ಮಾಡು ಮಾರಾಯಾ, ದಬ್ಬು."

ಪ್ರವಾಸಿ ಮಂದಿರದ ಗೇಟಿಗೆ ಸರಿಯಾಗಿ ಅಡ್ಡ ಬಂದಾಗ ದಬ್ಬುವವರ ಕೈ ಸೋತವು. ಎಲ್ಲರೂ ಬೇವಿನ ನೆರಳಿಗೆ ಕೂತರು. ಒಳಗಿನಿಂದ ಸಾಹೇಬರು ಊಟಕ್ಕೆ ಹೊರಡಲು ಬಂದರು. ಜೀಪು ಹೊರಗೆ ಬರುವಂತಿರಲಿಲ್ಲ.

"ಗಾಡಿ ತೆಗೀರಿ."

"ದಬ್ಬಾಕ ಮಂದಿ ಬೇಕ್ರಿ ಸರ್" ಎಂದಳು ಪ್ರಿಯದರ್ಶಿನಿ, ಮೈಕಿನಲ್ಲೇ. "ನೀವು ಮಂದೀನ ಇಲ್ಲ ಅಂದೀರಿ."

ಸಾಹೇಬರು ಬೇವಿನ ಬುಡ ನೋಡಿದರು, ರಸ್ತೆ ನೋಡಿದರು, ಗಡಿಯಾರ ನೋಡಿದರು. ಹಸಿವು ಅನ್ನುವುದು ದೊಡ್ಡವರಿಗೂ ಕಲಿಸಬಲ್ಲದು. ಸಂಜೆ ಬಸ್ಸು ಅವತ್ತಿನಿಂದಲೇ ಬಿಡುವುದಾಗಿ ಒಪ್ಪಿದರು. "ಬಸ್ಸು ಬಂದು ನಿಲ್ಲಲಿ, ಆಮ್ಯಾಲ ದಬ್ತೀವಿ" ಎಂದಳು ಹುಡುಗಿ. ಸಾಹೇಬರಿಗೆ ಊಟ ಒಳಗೇ ಹೋಯಿತು.

ಸಂಜೆಗೆ ಬಸ್ಸು ಬಂತು. 'ಹುಣಸಿಗುಂಡಿ' ಎಂಬ ಬೋರ್ಡು ಕಂಡದ್ದೇ ತಡ, ಕೊಟ್ಟ ಮಾತು ಯಾರಿಗೂ ನೆನಪಾಗಲಿಲ್ಲ. ಹುಡುಗಿಯರು, ಕೂಲಿಯವರು, ಆದೆಮ್ಮ, ಖುಷಿಗೆಂದು ಮೇಷ್ಟ್ರು ಕೂಡ ಹತ್ತಿದರು. ಪ್ರಿಯದರ್ಶಿನಿ ಕಿಟಕಿಯ ಸೀಟು ಹಿಡಿದು ಕೈ ಬೀಸಿದಳು. ರೇವಣಸಿದ್ದ ಬಸ್ಸು ತಿರುವು ದಾಟುವವರೆಗೂ ನೋಡುತ್ತ ನಿಂತ. ಹಾರ್ನಿನ ಧೂಳು ಒರೆಸುವ ನೆಪದಲ್ಲಿ ಕಣ್ಣು ಒರೆಸಿಕೊಂಡ.

ಗೇಟಿನ ಮುಂದೆ ಉಳಿದದ್ದು ಅವನು, ಜಮಾದಾರ, ಮತ್ತು ವ್ಯಾನು.

"ಚಾಲೂ ಮಾಡ್ಕೊಂಡು ಹೋಗಿನ್ನ" ಎಂದ ಜಯಸಿಂಹ.

ರೇವಣಸಿದ್ದ ಕೀಲಿ ತಿರುವಿದ. ಟಕ್ ಎಂದಿತು, ಅಷ್ಟೆ. ದಿನವಿಡೀ ಮಾತಾಡಿ ಬ್ಯಾಟರಿ ಬತ್ತಿ ಹೋಗಿತ್ತು. ಇನ್ನೊಮ್ಮೆ ತಿರುವಿದ. ಟಕ್ ಕೂಡ ಎನ್ನಲಿಲ್ಲ.

"ಗಾಡಿ ಕೆಟ್ಟದ್ರಿ ಸಾಹೇಬ್ರ."

"ನಾಟಕ ಮಾಡಬ್ಯಾಡ."

"ಈಗ ಖರೇನೇ ಕೆಟ್ಟದ್ರಿ."

ಒಳಗಿನಿಂದ ಸಾಹೇಬರ ಜೀಪು ಪೋಂ ಪೋಂ ಎಂದಿತು. ಜಯಸಿಂಹ ಅತ್ತ ನೋಡಿದ, ಇತ್ತ ನೋಡಿದ, ಲಾಠಿಯನ್ನು ಕಂಕುಳಿಗೆ ಸಿಗಿಸಿ ವ್ಯಾನಿನ ಹಿಂದಕ್ಕೆ ಹೋಗಿ ಎರಡೂ ಕೈ ಹಚ್ಚಿದ.

"ಸ್ಟೇರಿಂಗ್ ನೆಟ್ಟಗ ಹಿಡೀಲೇ" ಎಂದು ಏದುಸಿರು ಬಿಟ್ಟ, "ಯಾರರ ನೋಡಿದ್ರ ನನ್ನನ್ನೂ ಮೆರವಣಿಗ್ಯಾಗ ಬರಕೊಂತಾರ."