ಕೊನೆಯವಳ ಹಿಂದೆ ಒಬ್ಬರು

ಓಟದಲ್ಲಿ ಮೊದಲು ಬರುವವರಿಗೆ ಯಾರ ಪರಿಚಯವೂ ಆಗುವುದಿಲ್ಲ, ಅಷ್ಟು ಹೊತ್ತು ಅವರು ರಸ್ತೆಯಲ್ಲಿ ಇರುವುದೇ ಇಲ್ಲ. ಕೊನೆಗೆ ಬರುವವರಿಗೆ ಎಲ್ಲರೂ ಗೊತ್ತು. ನೀರಿನ ಟೇಬಲ್ ಹಾಕುವವರು, ಬಾಳೆಹಣ್ಣಿನ ಸಿಪ್ಪೆ ಆರಿಸುವವರು, ಆಂಬುಲೆನ್ಸಿನಲ್ಲಿ ನಿದ್ದೆ ಹೊಡೆಯುವ ಕಂಪೌಂಡರು ಇವರೆಲ್ಲರ ಮನೆ ಮಕ್ಕಳ ಮದುವೆಯವರೆಗಿನ ಸುದ್ದಿ ಅರುಣಾಳಿಗೆ ಬಾಯಿಪಾಠವಾಗಿತ್ತು. ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಗುತ್ತಲದ ದುರ್ಗೇಶ. ಹಾವೇರಿಯಲ್ಲಿ ಓಟವಿರಲಿ, ರಾಣೆಬೆನ್ನೂರಿನಲ್ಲಿರಲಿ, ಅವನ ಟಾಟಾ ಏಸ್ ಗಾಡಿಗೆ ಒಂದೇ ಕೆಲಸ: ಎಲ್ಲರಿಗಿಂತ ಹಿಂದಿರುವವರ ಬೆನ್ನ ಹಿಂದೆ ಹತ್ತು ಮಾರು ಬಿಟ್ಟು ಬರುತ್ತ, ರಸ್ತೆಯ ಮೇಲಿನ ಕೆಂಪು ಕೋನುಗಳನ್ನು ಎತ್ತಿ ಹಾಕಿಕೊಳ್ಳುವುದು. ಅಂದರೆ ಎರಡು ವರ್ಷದಿಂದ ಅವನು ಅರುಣಾಳ ಬೆನ್ನು ನೋಡುತ್ತ ಗಾಡಿ ಹೊಡೆದಿದ್ದ.

"ಅಕ್ಕಾರ, ಹತ್ರಿ ಗಾಡಿ. ಯಾರೂ ನೋಡಂಗಿಲ್ಲ," ಎನ್ನುವುದು ಪ್ರತಿ ಸಲದ ಮಾತು.

"ನೀ ನೋಡತೀಯಲ್ಲೋ."

"ನಾ ಕಣ್ಣ ಮುಚ್ಚಿಕೋತೇನ್ರಿ."

"ಮುಚ್ಚಬ್ಯಾಡಪಾ, ಮುಂದ ನಾನಽ ಅದೇನಿ."

ಅರುಣಾ ಹಾವೇರಿಯ ಹೈಸ್ಕೂಲೊಂದರಲ್ಲಿ ಹೊಲಿಗೆ ಕಲಿಸುತ್ತಿದ್ದಳು. ವಯಸ್ಸು ನಲವತ್ತೆಂಟು. ಡಾಕ್ಟರು ದಿನಾ ನಡೆಯಿರಿ ಎಂದಿದ್ದರು. ಔಷಧಿ ಹೆಚ್ಚು ತೊಗೊಂಡರೆ ಬೇಗ ಗುಣವಾದೀತು ಎಂಬ ಲೆಕ್ಕದಲ್ಲಿ ಅವಳು ಓಡತೊಡಗಿದಳು. ಅವಳು ಓಡುವುದಕ್ಕೂ ಬೇರೆಯವರು ನಡೆಯುವುದಕ್ಕೂ ಹೆಚ್ಚಿನ ವ್ಯತ್ಯಾಸ ಕಾಣದಿದ್ದರೆ ಅದು ನೋಡುವವರ ತಪ್ಪು. ಹಾವೇರಿಯ ಓಟದಲ್ಲಿ ಅವಳು ಮುಟ್ಟುವ ಹೊತ್ತಿಗೆ, ಗಾಳಿ ತುಂಬಿ ನಿಲ್ಲಿಸಿದ್ದ ಗೇಟು ರಸ್ತೆಗೆ ಅಡ್ಡಲಾಗಿ ಮಲಗಿತ್ತು. ರಾಣೆಬೆನ್ನೂರಿನಲ್ಲಿ ಕುರ್ಚಿಗಳನ್ನು ಲಾರಿಗೆ ಹೇರುತ್ತಿದ್ದರು, ಒಬ್ಬ ಹಮಾಲ ಅವಳಿಗೂ ಎರಡು ಕುರ್ಚಿ ಎತ್ತಿಕೊಟ್ಟ.

"ಮಮ್ಮಿ, ನೀ ಓಡಾಕ ಹೋಗೂದಲ್ಲ, ಪೆಂಡಾಲ ಬಿಚ್ಚಾಕ ಹೋಗೂದು," ಎಂದಿದ್ದಳು ಮಗಳು ಮೇಘಾ.

ಮೊದಲು ಬರುವ ಆಸೆ ಅರುಣಾಳಿಗೆ ಎಂದೂ ಇರಲಿಲ್ಲ. ಬೇಕಾಗಿದ್ದು ಇಷ್ಟೇ: ಒಂದು ಸಲ, ಒಂದೇ ಸಲ, ನಿಂತಿರುವ ಗೇಟಿನ ಕೆಳಗೆ ಹೋಗಬೇಕು, ಹೋದಾಗ ತನ್ನ ಹಿಂದೆ ಇನ್ನೊಬ್ಬರಿರಬೇಕು. ಬ್ಯಾಡಗಿಯ ಓಟದಲ್ಲೂ ಕೊನೆಯವಳಾದರೆ ಬೂಟು ಮೇಘಾಳಿಗೆ ಕೊಟ್ಟು ಮನೆಯಲ್ಲಿ ಕೂಡುವುದೆಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಫೆಬ್ರವರಿ ಕೊನೆಯ ರವಿವಾರ. ಬ್ಯಾಡಗಿಯ ಓಟಕ್ಕೆ ಅರುಣಾಳೂ ದುರ್ಗೇಶನೂ ಬಂದದ್ದು ಇದೇ ಮೊದಲು. ಬೆಳಿಗ್ಗೆ ಏಳಕ್ಕೆ ಬ್ಯಾಡಗಿಯಿಂದ ಹೊರಟು ಮೋಟೆಬೆನ್ನೂರು ರಸ್ತೆಯಲ್ಲಿ ಐದು ಕಿಲೋಮೀಟರ್, ಅಲ್ಲೊಂದು ಕೋನು ಸುತ್ತಿ ಅದೇ ದಾರಿಯಲ್ಲಿ ವಾಪಸ್ಸು. ಒಂಬತ್ತಕ್ಕೆ ಮೆಣಸಿನಕಾಯಿ ಲಾರಿಗಳಿಗೆ ರಸ್ತೆ ಬಿಡಬೇಕು, ಆದ್ದರಿಂದ ಒಂಬತ್ತಕ್ಕೆ ಗೇಟು ಇಳಿಯುತ್ತದೆ.

ರಸ್ತೆಯ ಎರಡೂ ಬದಿಯ ಬಯಲಿನಲ್ಲಿ ಮೆಣಸಿನಕಾಯಿ ಹರವಿದ್ದರು. ಘಾಟು ಗಂಟಲಿಗೆ ಇಳಿದು ನೂರೆಂಬತ್ತು ಜನ ಒಟ್ಟಿಗೆ ಕೆಮ್ಮುತ್ತ ಓಡಿದರು. ಸ್ವಲ್ಪ ಹೊತ್ತಿಗೆ ಆ ಕೆಮ್ಮು ದೂರವಾಗಿ, ತಿರುವಿನಾಚೆ ಅಡಗಿತು. ಅರುಣಾ ಒಬ್ಬಳೇ ಉಳಿದಳು. ಇದು ಅವಳಿಗೆ ರೂಢಿಯೇ. ರೂಢಿಯಿಲ್ಲದ್ದು ಎಂದರೆ, ಬೆನ್ನ ಹಿಂದೆ ಬಹಳ ಹತ್ತಿರದಲ್ಲಿ ಕೇಳಬೇಕಾಗಿದ್ದ ಟಾಟಾ ಏಸ್ ಸದ್ದು ಎಲ್ಲೋ ದೂರದಿಂದ ಕೇಳುತ್ತಿತ್ತು.

ತಿರುಗಿ ನೋಡಿದಳು. ಹದಿನೈದು ಹೆಜ್ಜೆ ಹಿಂದೆ ಒಬ್ಬರು ಓಡಿ ಬರುತ್ತಿದ್ದರು. ವಯಸ್ಸಾದವರು, ಬಿಳಿ ಅಂಗಿ, ಮೊಣಕಾಲಿನವರೆಗಿನ ಬಿಳಿ ಚಡ್ಡಿ. ದುರ್ಗೇಶನ ಗಾಡಿ ಅವರ ಹಿಂದಿತ್ತು.

ಅರುಣಾಳ ಬೆನ್ನು ತಾನಾಗಿ ನೆಟ್ಟಗಾಯಿತು. 'ಪಾಪ' ಎಂದುಕೊಂಡಳು. ಎರಡು ವರ್ಷದಿಂದ ಬೇರೆಯವರು ತನ್ನ ಬಗ್ಗೆ ಅನ್ನುತ್ತಿದ್ದ ಆ ಮಾತು, ತಾನು ಅನ್ನುವಾಗ ಇಷ್ಟು ಸಿಹಿಯಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಅರ್ಧ ಕಿಲೋಮೀಟರ್ ಆ ಸುಖದಲ್ಲಿ ಹೋಯಿತು. ಆಮೇಲೆ ಲೇಸು ಬಿಚ್ಚಿತೆಂದು ಬಗ್ಗಿದಳು. ಹಿಂದಿನ ಹೆಜ್ಜೆಗಳೂ ನಿಂತವು. ಎದ್ದು ನಡೆದಳು, ಅವು ನಡೆದವು. ಓಡಿದಳು, ಓಡಿದವು. ಘಾಟಿಗೆ ಅವಳು ಕೆಮ್ಮಿದಳು, ದೂರದಲ್ಲಿ ಗಾಡಿಯೊಳಗೆ ದುರ್ಗೇಶ ಕೆಮ್ಮಿದ. ಇಬ್ಬರ ನಡುವಿದ್ದವರು ಮಾತ್ರ ಕೆಮ್ಮಲಿಲ್ಲ. ಮೂಗಿರುವ ಯಾರೇ ಆಗಲಿ ಆ ರಸ್ತೆಯಲ್ಲಿ ಕೆಮ್ಮದೆ ಇರುವಂತಿಲ್ಲ.

ಇನ್ನೊಮ್ಮೆ ನೋಡಿದಳು. ಹೊಲಿಗೆ ಕಲಿಸುವವರ ಕಣ್ಣು ಮುಖಕ್ಕಿಂತ ಮೊದಲು ಬಟ್ಟೆಗೆ ಹೋಗುತ್ತದೆ. ಎಲ್ಲರ ಎದೆಯ ಮೇಲೆ ಕಾಗದದ ನಂಬರು, ನಾಲ್ಕು ಪಿನ್ನು. ಇವರ ಎದೆಯ ಮೇಲಿದ್ದದ್ದು ಬಟ್ಟೆಯ ನಂಬರು, ಕಪ್ಪು ದಾರದ ಕಚ್ಚಾ ಹೊಲಿಗೆ, ಒಂದೊಂದು ಟಾಕೂ ಕೈಯಿಂದ ಹಾಕಿದ್ದು. ನಂಬರು ಒಂದು. ಹೊಲಿಗೆ ಅಷ್ಟು ಸ್ಪಷ್ಟವಾಗಿ ಕಂಡಿತ್ತು. ಮುಖ ನೋಡಿದೆನೋ ಇಲ್ಲವೋ ಎಂಬುದು ತಿರುಗಿ ಓಡುವಾಗ ನೆನಪಾಗಲಿಲ್ಲ.

ಹೋದ ದಾರಿಯಲ್ಲೇ ವಾಪಸ್ಸು ಬರುವ ಓಟದಲ್ಲಿ ಒಂದು ಅನುಕೂಲವಿದೆ. ಕೋನು ಸುತ್ತಿದ ಮೇಲೆ ಹಿಂದಿನವರು ಎದುರಿಗೆ ಸಿಗಲೇಬೇಕು. ಅರುಣಾ ಅವರಿಗಾಗಿ ಒಂದು ಮಾತು ಸಿದ್ಧ ಮಾಡಿಕೊಂಡಳು: 'ಬರ್ರಿ, ಇನ್ನ ಸ್ವಲ್ಪಽ ಐತಿ.' ಅವಳಿಗೆ ಎಲ್ಲರೂ ಹೇಳುತ್ತಿದ್ದದ್ದು ಅದನ್ನೇ, ಹೇಳುವ ಸರದಿ ಈಗ ಅವಳದು.

ಕೋನು ಸುತ್ತಿದಳು. ಎದುರಿಗೆ ಖಾಲಿ ರಸ್ತೆ, ಅದರ ಮೇಲೆ ಟಾಟಾ ಏಸ್. ನಡುವೆ ಯಾರೂ ಇರಲಿಲ್ಲ.

ದುರ್ಗೇಶ ಗಾಡಿ ನಿಧಾನ ಮಾಡಿ ಕಿಟಕಿಯಿಂದ ತಲೆ ಹಾಕಿದ. "ಅಕ್ಕಾರ, ಇವತ್ತ ನನ್ನಿಂದ ನಿಮಗ ಬಿಡುಗಡಿ ನೋಡ್ರಿ! ನಿಮ್ಮ ಹಿಂದ ಅಜ್ಜಾರ ಅದಾರ."

"ಎಲ್ಲಿ ಅದಾರೋ?"

ಅವನು ಗದ್ದ ಎತ್ತಿ ಅವಳ ಬೆನ್ನ ಹಿಂದೆ ತೋರಿಸಿದ. "ಅಲ್ಲೇ ಅದಾರಲ್ರಿ."

"ಅವರು ಯಾವಾಗ ತಿರುಗಿದ್ರು?"

"ನಿಮ್ಮ ಜೋಡೀನಽ ತಿರುಗಿದ್ರಲ್ರಿ! ಯಾಕ, ಬಿಸಿಲ ಹತ್ತೇತೇನು? ಹತ್ರಿ ಗಾಡಿ."

ಹದಿನೈದು ಹೆಜ್ಜೆ ಹಿಂದೆ ಬೂಟಿನ ಸದ್ದು ಶುರುವಾಯಿತು. ಅರುಣಾ ತಿರುಗಿ ನೋಡಲಿಲ್ಲ, ಗಾಡಿಯನ್ನೂ ಹತ್ತಲಿಲ್ಲ. ಇಂಥ ಹೊತ್ತಿನಲ್ಲಿ ಜನ ಓಡುತ್ತಾರೆ. ಅವಳು ಆಗಲೇ ಓಡುತ್ತಿದ್ದಳು, ಅದಕ್ಕಿಂತ ಹೆಚ್ಚಿನ ಓಟ ಅವಳಲ್ಲಿರಲಿಲ್ಲ.

ಏಳನೇ ಕಿಲೋಮೀಟರಿನಲ್ಲಿ, ಕೋಲ್ಡ್ ಸ್ಟೋರೇಜಿನ ಗೋಡೆಯ ನೆರಳಿನಲ್ಲಿ ನೀರಿನ ಟೇಬಲ್ ಇತ್ತು, ಹೋಗುವಾಗ ಅದನ್ನಿನ್ನೂ ಹಾಕಿರಲಿಲ್ಲ. ಅಲ್ಲಿದ್ದವರು ಒಬ್ಬ ಮುದುಕಿ, ಎಲ್ಲರೂ ಮೈಲವ್ವ ಎನ್ನುತ್ತಿದ್ದರು. ಅರುಣಾ ಬರುವುದನ್ನು ಕಂಡು ಎರಡು ಲೋಟ ತುಂಬಿ, ಒಂದನ್ನು ಕೈಗೆ ಕೊಟ್ಟು, ಇನ್ನೊಂದನ್ನು ಟೇಬಲ್ಲಿನ ಅಂಚಿಗೆ ಸರಿಸಿದರು.

"ಅದು ಯಾರಿಗ್ರೀ ಅವ್ವಾರ?"

"ನಮ್ಮ ಮನೆಯವರಿಗೆ. ಹಿಂದ ಬರಾಕತ್ತಾರಲ್ಲ."

ಅರುಣಾಳ ಜೀವ ಮರಳಿ ಬಂದಂತಾಯಿತು. ಹೆಂಡತಿ ಇರುವ ಮನುಷ್ಯ! "ನಿಮ್ಮ ಮನೆಯವರಾ? ನಾ ಏನೇನೋ ಅನ್ಕೊಂಡಿದ್ದೆ ನೋಡ್ರಿ. ಎಷ್ಟ ವಯಸ್ಸು ಅವರಿಗೆ?"

"ಎಪ್ಪತ್ತೊಂದಕ್ಕ ಹೋದ್ರು. ಹ್ವಾದ ಯುಗಾದಿ ಮುಂದ."

"ಎಲ್ಲಿಗೆ ಹೋದ್ರಿ?"

ಮೈಲವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಎಲ್ಲಾರೂ ಎಲ್ಲಿಗೆ ಹೋಗತಾರ್ವಾ? ಅಲ್ಲಿಗೇ."

ಲೋಟ ಅರುಣಾಳ ಕೈಯಲ್ಲೇ ಉಳಿಯಿತು. ಮೈಲವ್ವ ಮಾತಾಡುತ್ತ ಕೊಡದ ಬಾಯಿ ಒರೆಸಿದರು. ಅವರ ಯಜಮಾನರು ಉಡಚಪ್ಪ ಮಾಸ್ತರರು, ಪಿ.ಟಿ. ಕಲಿಸುತ್ತಿದ್ದರು, ಈ ಓಟ ಶುರು ಮಾಡಿದ್ದೇ ಅವರು. ಪ್ರತಿ ವರ್ಷ ಕೊನೆಗೆ ಬರುವುದು ತಮ್ಮ ಪಾಲೆಂದು ಹೇಳಿ, ಎಲ್ಲರಿಗಿಂತ ಹಿಂದೆ ಬಿದ್ದವರ ಬೆನ್ನ ಹಿಂದೆ ತಾವು ಓಡುತ್ತಿದ್ದರು. ಹೀಗಾಗಿ ಬ್ಯಾಡಗಿಯಲ್ಲಿ ಬೇರೆ ಯಾರೂ ಕೊನೆಯವರಾಗಿರಲಿಲ್ಲ. ಮದುವೆ ಪತ್ರಿಕೆಯಲ್ಲಿ ತೀರಿಕೊಂಡ ಹಿರಿಯರ ಹೆಸರನ್ನೇ ಮೊದಲು ಹಾಕಿಸುತ್ತಾರಲ್ಲ, ಹಾಗೆ ಈ ವರ್ಷ ಕಮಿಟಿಯವರು ಓಟದ ಯಾದಿಯಲ್ಲಿ ಒಂದನೇ ನಂಬರಿಗೆ ಮಾಸ್ತರರ ಹೆಸರು ಬರೆದು, ಮುಂದೆ ಹಾಜರಿಯ ಗುರುತನ್ನೂ ಹಾಕಿದ್ದರು.

"ಅವರ ನಂಬರ ಅಂಗಿಗೆ ನಾನಽ ಹೊಲದು ಕೊಟ್ಟೆ. ಹೊತ್ತು ಬರಕೊಳ್ಳೋ ಆ ಯಂತ್ರದ ಚೀಟಿನೂ ಅಂಟಿಸಿ, ಫೋಟೋದ ಬಾಜೂಕ ಕುರ್ಚಿ ಮ್ಯಾಲ ಇಟ್ಟಿದ್ರು. ಬೆಳಗ್ಗೆ ನೋಡಿದ್ರ ಅಂಗಿ ಇಲ್ಲ, ಗಾಳಿಗೆ ಹಾರೇತಿ ಅಂದ್ರು ಮಂದಿ." ಮೈಲವ್ವ ನಕ್ಕರು. "ಹಾಜರಿ ಹಾಕಿದ ಮ್ಯಾಲ ತಪ್ಪಿಸಿದವರಲ್ಲವ್ವಾ ಅವರು. ನೀ ಲಗೂ ನಡಿ, ಒಂಬತ್ತಕ್ಕ ಗೇಟ ಇಳಸ್ತಾರ. ನಿನ್ನ ಬಿಟ್ಟು ಅವರು ಒಳಗ ಹೋಗಂಗಿಲ್ಲ."

ಅರುಣಾ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಖಾಲಿ ಲೋಟ ಟೇಬಲ್ಲಿನ ಮೇಲೆ ಕೂತ ಸದ್ದು ಕೇಳಿತು. ಅದರ ಹಿಂದೆಯೇ ಮೈಲವ್ವನ ಗದರಿಕೆ: "ಅಂಗಿ ತೊಯ್ಸಿಕೊಂಡ್ರಿ ನೋಡ್ರಿ. ಯಾವಾಗ ಕಲೀತೀರಿ?"

ಕೊನೆಯ ಮೂರು ಕಿಲೋಮೀಟರ್ ಅರುಣಾ ಹೇಗೆ ಓಡಿದಳೆಂದು ಅವಳಿಗೂ ಗೊತ್ತಿಲ್ಲ. ಬೆನ್ನ ನಡುವೆ ತಣ್ಣನೆಯದೊಂದು ಬೆರಳು ಇಟ್ಟಂತಿತ್ತು. ಹಾಗಿದ್ದೂ ತಲೆಯ ಒಂದು ಮೂಲೆ ಲೆಕ್ಕ ಹಾಕುತ್ತಲೇ ಇತ್ತು: ಸತ್ತವರಾದರೇನು, ಯಾದಿಯಲ್ಲಿ ಹೆಸರಿದೆ, ಕಮಿಟಿ ಒಪ್ಪಿದೆ. ಅಂದರೆ ನಾನು ಕೊನೆಯವಳಲ್ಲ. ಊರು ಹತ್ತಿರವಾದಂತೆ ಇನ್ನೊಂದು ಯೋಚನೆ ಅಡ್ಡ ಬಂತು. ಒಂಬತ್ತು ಹೊಡೆದರೆ ಮಾಸ್ತರರ ಎದುರಿಗೂ ಗೇಟು ಇಳಿಯುತ್ತದೆ. ಇಳಿದ ಗೇಟಿನ ಮುಂದೆ ನಿಲ್ಲುವುದು ಎಂಥದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಜಿಲ್ಲೆಯಲ್ಲಿ ಇರಲಿಲ್ಲ.

ಗೇಟು ನಿಂತಿತ್ತು! ಕೆಳಗೆ ಓಟಗಾರರ ಹೊತ್ತು ಬರೆದುಕೊಳ್ಳುವ ಕರಿ ಚಾಪೆ, ಪ್ರತಿ ನಂಬರಿನ ಚೀಟಿ ಮೊದಲ ಸಲ ದಾಟಿದಾಗ ಅದು ಒಮ್ಮೆ ಕೂಗುತ್ತದೆ. ಅದರಾಚೆ ಕಮಿಟಿಯ ಚನ್ನೇಶ, ಬೆಳಿಗ್ಗೆ ನಂಬರು ಹಂಚಿದ ಗೊಬ್ಬರದ ಅಂಗಡಿಯವನು, ಫೋನು ಹಿಡಿದು ಕೂಗುತ್ತಿದ್ದ. "ಲಗೂ ಬರ್ರಿ ಅಕ್ಕಾರ! ಒಂದ ನಿಮಿಷ ಉಳದೈತಿ. ಎರಡಽ ನಂಬರ ಬಾಕಿ, ನಿಮ್ದೊಂದು, ಇನ್ನೊಂದು..." ಫೋನಿನಲ್ಲಿ ಉಳಿದ ನಂಬರು ನೋಡಿದವನು ಅವಳ ಹಿಂದಿನ ರಸ್ತೆಯತ್ತ ಕತ್ತು ಚಾಚಿದ.

ಚಾಪೆಗೆ ಮೂರು ಹೆಜ್ಜೆ ಇರುವಾಗ ಅರುಣಾ ನಿಂತಳು. ಹಿಂದಿನ ಹೆಜ್ಜೆಗಳೂ ನಿಂತವು. ಮೂರು ಹೆಜ್ಜೆ ಇಟ್ಟರೆ ಎರಡು ವರ್ಷದ ಆಸೆ ಕೈಗೆ ಬಂತು. ಆಮೇಲೆ ಹದಿನೈದು ಹೆಜ್ಜೆ ಹಿಂದಿನವರಿಗೆ ಹೊತ್ತು ಸಿಕ್ಕೀತೋ ಇಲ್ಲವೋ. ಅವಳು ರಸ್ತೆಯ ಬದಿಗೆ ಸರಿದು, ತಿರುಗಿ ನೋಡದೆ, ಜೋರಾಗಿ ಹೇಳಿದಳು.

"ಸರ್, ನೀವು ಮುಂದ ನಡೀರಿ."

ನೆರೆದವರು ಅವಳನ್ನು ನೋಡಿದರು, ಅವಳ ಹಿಂದಿನ ರಸ್ತೆಯನ್ನು ನೋಡಿದರು. ಯಾರೂ ನಗಲಿಲ್ಲ. ಬ್ಯಾಡಗಿಯವರಿಗೆ ಒಂದನೇ ನಂಬರು ಯಾರದೆಂದು ಗೊತ್ತಿತ್ತು.

"ನಾ ಕಡೇಕ ಬರತೇನಿ. ನಡೀರಿ ಅಂದೆನಲ್ಲ!" ಇದು ಇಪ್ಪತ್ತು ವರ್ಷ ತರಗತಿಯಲ್ಲಿ ಪಳಗಿದ ದನಿ.

ಪಕ್ಕದಲ್ಲಿ ಗಾಳಿ ಸರಿದಂತಾಯಿತು. ಚಾಪೆ ಕುಂಯ್ ಎಂದಿತು. ತಕ್ಷಣ ಇನ್ನೊಮ್ಮೆ ಎಂದಿತು.

ಚನ್ನೇಶ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಎರಡೂ ಬಿದ್ವು ಅಕ್ಕಾರ. ಮೊದ್ಲ ನಿಮ್ದು, ಒಂದ ಸೆಕೆಂಡ ಬಿಟ್ಟು ಸರ್‌ದು. ಅವರದಽ ಕಡೇಕ."

"ಚನ್ನೇಶ, ನಾ ಇನ್ನೂ ಇಲ್ಲೇ ನಿಂತೇನಲ್ಲೋ."

ಅವನು ಅವಳ ಕಾಲು ನೋಡಿದ, ಚಾಪೆ ನೋಡಿದ, ಮತ್ತೆ ಅವಳ ಕಾಲು ನೋಡಿದ. ನಡುವೆ ಮೂರು ಹೆಜ್ಜೆ ಡಾಂಬರು ಬಿಸಿಲಿಗೆ ಹೊಳೆಯುತ್ತಿತ್ತು.

ಒಂಬತ್ತಾಯಿತು. ಯಾರೋ ಗಾಳಿಯ ಯಂತ್ರ ನಿಲ್ಲಿಸಿದರು, ಗೇಟು ನಡು ಬಗ್ಗಿಸತೊಡಗಿತು. ಅರುಣಾ ಓಡಿದಳು. ಮೂರೇ ಹೆಜ್ಜೆಯಾದರೂ ಓಡಿದಳು, ತಲೆ ತಗ್ಗಿಸಿ, ಇಳಿಯುತ್ತಿದ್ದ ಬಟ್ಟೆ ಹೆಗಲಿಗೆ ತಾಗುವಾಗ ಚಾಪೆ ತುಳಿದು ಆಚೆ ಬಂದಳು. ಚಾಪೆ ಸದ್ದು ಮಾಡಲಿಲ್ಲ. ಅದರ ಪ್ರಕಾರ ಅವಳು ಆಗಲೇ ಒಳಗಿದ್ದಳು.

ಚನ್ನೇಶನ ಕೈಯಲ್ಲಿ ಒಂದು ಮೆಡಲು ಉಳಿದಿತ್ತು. ಅದನ್ನು ಚಾಚಿದವನು ಅರ್ಧಕ್ಕೇ ತಡೆದ. "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇದನ್ನ ನಿಮಗ ಕೊಡ್ಲೋ, ಮೊದ್ಲ ಒಳಗ ಬಂದ ನಿಮಗ ಕೊಡ್ಲೋ?"

"ಬೆವತವ್ರಿಗೆ ಕೊಡಪಾ," ಎಂದು ಅರುಣಾ ಕೈ ಒಡ್ಡಿದಳು.

ಮೆಡಲು ಬೆಚ್ಚಗಿತ್ತು. ಅದರ ಪಟ್ಟಿ ಆಗಲೇ ಯಾರದೋ ಬೆವರಿಗೆ ಒದ್ದೆಯಾಗಿತ್ತು.